ಕತೆಯ ಮೊದಲ ಓದುಗ ಚಿತ್ರಕಾರ

ನಮ್ಮ ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಕತೆಗೆ ಚಿತ್ರ ಸೇರುವ ಕ್ರಮ ಬಹುಕಾಲದಿಂದ ಒಂದೇ. ಕತೆಗಾರ ಬರೆದು ಕಳಿಸುತ್ತಾನೆ, ಸಂಪಾದಕರು ಆರಿಸುತ್ತಾರೆ, ಕತೆ ಕಲಾವಿದರ ಕೈಗೆ ಹೋಗುತ್ತದೆ, ಸಂಚಿಕೆ ಅಚ್ಚಿಗೆ ಹೋಗುವಷ್ಟರಲ್ಲಿ ಚಿತ್ರ ಸಿದ್ಧವಾಗುತ್ತದೆ. ತನ್ನ ಕತೆಗೆ ಎಂಥ ಚಿತ್ರ ಬಂದಿದೆ ಎಂಬುದು ಕತೆಗಾರನಿಗೆ ಸಾಮಾನ್ಯವಾಗಿ ತಿಳಿಯುವುದು ಸಂಚಿಕೆ ಕೈಸೇರಿದ ಮೇಲೆಯೇ. ಇಂಟರ್ನೆಟ್ಟಿನಲ್ಲಿ ನಡೆಯುವ ಒಂದು ಬಗೆಯ ಸ್ಪರ್ಧೆಗಳು ಈ ಕ್ರಮವನ್ನು ಬದಲಿಸಿವೆ. ಅಲ್ಲಿ ಕತೆಗಾರನೂ ಸ್ಪರ್ಧಿ, ಚಿತ್ರಕಾರನೂ ಸ್ಪರ್ಧಿ. ಒಬ್ಬರ ಕೆಲಸವನ್ನು ಇನ್ನೊಬ್ಬರು ಎದುರಿಟ್ಟುಕೊಂಡು ತಮ್ಮದನ್ನು ಮಾಡಬೇಕು. ಎರಡೂ ಜೊತೆಯಾಗಿಯೇ ಓದುಗರ ಮುಂದೆ ಬರಬೇಕು. ಬಹುಮಾನ, ಪ್ರಮಾಣಪತ್ರ, ಹೆಸರು ಇವೆಲ್ಲ ಬಂದರೆ ಒಳ್ಳೆಯದೇ. ಆದರೆ ಇಂಥ ಸ್ಪರ್ಧೆಯಲ್ಲಿ ಹೊಸ ಬರಹಗಾರನಿಗೆ ಸಿಗುವ ನಿಜವಾದ ಗಳಿಕೆ ಒಬ್ಬ ಎಚ್ಚರದ ಓದುಗ. ತಾನು ಓದಿದ್ದನ್ನು ರೇಖೆಯಲ್ಲಿ ತೋರಿಸಲೇಬೇಕಾದ ಓದುಗ. ಈ ಕಾರಣಕ್ಕಾಗಿಯೇ ಕತೆ ಬರೆಯುವವರೂ ಚಿತ್ರ ಬರೆಯುವವರೂ ಇಂಥ ಸ್ಪರ್ಧೆಗಳಲ್ಲಿ ಮನಸ್ಸಿಟ್ಟು ಭಾಗವಹಿಸಬೇಕು, ಕನ್ನಡದಲ್ಲೂ ಅವು ಹೆಚ್ಚಬೇಕು.

ಇವು ನಡೆಯುವ ರೀತಿಯನ್ನು ಮೊದಲು ತಿಳಿಯೋಣ. ಇಂಗ್ಲಿಷಿನಲ್ಲಿ ಹವ್ಯಾಸಿ ಬರಹಗಾರರ ನಡುವೆ 'ಬಿಗ್ ಬ್ಯಾಂಗ್' ಎಂಬ ಹೆಸರಿನ ಸವಾಲುಗಳು ಪ್ರಸಿದ್ಧ. ಕತೆಗಾರರು ಮೊದಲು ಹೆಸರು ನೋಂದಾಯಿಸಿ, ಗೊತ್ತಾದ ದಿನದೊಳಗೆ ಕರಡು ಒಪ್ಪಿಸುತ್ತಾರೆ. ನಡೆಸುವವರು ಬರೆದವರ ಹೆಸರು ಬಿಟ್ಟು ಕತೆಗಳ ಸಾರಾಂಶಗಳನ್ನಷ್ಟೇ ಚಿತ್ರಕಾರರ ಮುಂದಿಡುತ್ತಾರೆ. ಇಷ್ಟವಾದ ಸಾರಾಂಶವನ್ನು ಚಿತ್ರಕಾರರು ಆರಿಸಿಕೊಂಡ ಮೇಲೆ ಇಬ್ಬರಿಗೂ ಪರಿಚಯವಾಗುತ್ತದೆ. ಕೆಲವು ವಾರಗಳ ನಂತರ ಕತೆ, ಚಿತ್ರ ಎರಡೂ ಒಂದೇ ದಿನ ಪ್ರಕಟವಾಗುತ್ತವೆ. ಇದನ್ನೇ ತಿರುವುಮುರುವಾಗಿ ಮಾಡಿದರೆ 'ರಿವರ್ಸ್ ಬ್ಯಾಂಗ್': ಚಿತ್ರ ಮೊದಲು, ಕತೆ ಆಮೇಲೆ. ನಡುವೆ ಯಾರಾದರೂ ಕೈಬಿಟ್ಟರೆ ಅವರ ಜಾಗಕ್ಕೆ ಬರುವ ಬದಲಿ ಬರಹಗಾರರ ಪಟ್ಟಿಯೂ ಇರುತ್ತದೆ. ವೃತ್ತಿಯ ಹಾದಿಗೆ ಹತ್ತಿರವಾದ ಸ್ಪರ್ಧೆಗಳೂ ಇವೆ. ಅಮೆರಿಕದಲ್ಲಿ ಎಲ್. ರಾನ್ ಹಬರ್ಡ್ 1983ರಲ್ಲಿ ವಿಜ್ಞಾನ ಕತೆಗಳ ಹೊಸ ಬರಹಗಾರರಿಗಾಗಿ ಆರಂಭಿಸಿದ ಸ್ಪರ್ಧೆಗೆ 1988ರಲ್ಲಿ ಚಿತ್ರಕಾರರ ಸ್ಪರ್ಧೆಯೂ ಜೊತೆಯಾಯಿತು. ಅಲ್ಲಿ ಗೆದ್ದ ಪ್ರತಿ ಚಿತ್ರಕಾರರಿಗೆ ಗೆದ್ದ ಕತೆಯೊಂದನ್ನು ಕೊಡುತ್ತಾರೆ. ಆ ಕತೆಗೆ ಬರೆದ ಚಿತ್ರವನ್ನು ನೋಡಿಯೇ ವರ್ಷದ ಹಿರಿಯ ಬಹುಮಾನ ತೀರ್ಮಾನವಾಗುತ್ತದೆ. ಕೈಚಳಕ ಮೊದಲ ಸುತ್ತಿನಲ್ಲೇ ಸಾಬೀತಾಗಿರುತ್ತದೆ. ಕೊನೆಯ ಸುತ್ತು ಪರೀಕ್ಷಿಸುವುದು ಚಿತ್ರಕಾರ ಕತೆಯನ್ನು ಹೇಗೆ ಓದಿದ ಎಂಬುದನ್ನು.

ಚಿತ್ರ ಮೊದಲು ಬಂದು ಕತೆ ಆಮೇಲೆ ಹುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಅತ್ಯುತ್ತಮ ಉದಾಹರಣೆ ಅಮೆರಿಕದ ಕಲಾವಿದ ಕ್ರಿಸ್ ವ್ಯಾನ್ ಆಲ್ಸ್‌ಬರ್ಗ್ 1984ರಲ್ಲಿ ತಂದ 'ದಿ ಮಿಸ್ಟರೀಸ್ ಆಫ್ ಹ್ಯಾರಿಸ್ ಬರ್ಡಿಕ್' ಎಂಬ ಪುಸ್ತಕ. ಅದರಲ್ಲಿರುವುದು 14 ಕಪ್ಪುಬಿಳುಪು ಚಿತ್ರಗಳು, ಪ್ರತಿಯೊಂದಕ್ಕೂ ಒಂದು ಶೀರ್ಷಿಕೆ, ಒಂದು ಚಿಕ್ಕ ಸಾಲು. ಕತೆ ಮಾತ್ರ ಇಲ್ಲ. ಒಂದು ಚಿತ್ರದಲ್ಲಿ ಗೋಡೆಯ ಮೇಲಿನ ಅಲಂಕಾರ ಕಾಗದದಲ್ಲಿದ್ದ ಹಕ್ಕಿಯೊಂದು ಕಾಗದದಿಂದ ಬಿಡಿಸಿಕೊಂಡು ಏಳುತ್ತಿದೆ. ಇನ್ನೊಂದರಲ್ಲಿ ಮಲಗಿರುವ ಹುಡುಗಿಯ ಪಕ್ಕದ ಪುಸ್ತಕದಿಂದ ಬಳ್ಳಿ ಚಿಗುರಿ ಹಬ್ಬುತ್ತಿದೆ. ಕೊನೆಯದರಲ್ಲಿ ಇಡೀ ಮನೆ ನೆಲ ಬಿಟ್ಟು ರಾಕೆಟ್ಟಿನಂತೆ ಮೇಲೇರುತ್ತಿದೆ. ಶಾಲೆಗಳಲ್ಲಿ ಮಕ್ಕಳು ಈ ಚಿತ್ರಗಳಿಗೆ ಕತೆ ಬರೆಯುತ್ತಾ ಬಂದರು. ಸ್ಟೀಫನ್ ಕಿಂಗ್ ಆ ಕೊನೆಯ ಚಿತ್ರಕ್ಕೆ ಬರೆದ ಕತೆ 1993ರ ಅವರ ಸಂಕಲನದಲ್ಲಿ ಬಂತು. ಮನೆಯ ಗೋಡೆಗಳೊಳಗೆ ಲೋಹದ ಯಂತ್ರವೊಂದು ಬೆಳೆಯುತ್ತಿರುವುದನ್ನು ಕಂಡುಕೊಂಡ ಮಕ್ಕಳು ತಮ್ಮನ್ನು ಗೋಳಾಡಿಸುವ ಮಲತಂದೆಯಿಂದ ಬಿಡುಗಡೆಯಾಗಲು ಅದನ್ನೇ ದಾರಿ ಮಾಡಿಕೊಳ್ಳುತ್ತಾರೆ. ಚಿತ್ರದಲ್ಲಿ ಮಲತಂದೆ ಇಲ್ಲ, ಮಕ್ಕಳ ಸಂಕಟವೂ ಇಲ್ಲ. ಹಾರುವ ಮನೆ ಮಾತ್ರ ಇದೆ. ಅದು ಏಕೆ ಹಾರಿತು ಎಂಬ ಪ್ರಶ್ನೆಗೆ ಮನುಷ್ಯಸಂಬಂಧದಲ್ಲಿ ಉತ್ತರ ಹುಡುಕಿದ್ದು ಕತೆಗಾರರ ಕೆಲಸ. 2011ರಲ್ಲಿ ಈ 14 ಚಿತ್ರಗಳಿಗೂ ಬೇರೆ ಬೇರೆ ಲೇಖಕರು ಬರೆದ ಕತೆಗಳು ಒಂದೇ ಪುಸ್ತಕವಾಗಿ ಬಂದವು. ಚಿತ್ರ ನೋಡಿ ಬರೆಯುವವರಿಗೆ ಇಲ್ಲಿರುವ ಪಾಠ ಸ್ಪಷ್ಟ: ಕಣ್ಣಿಗೆ ಕಾಣುವುದನ್ನು ಮತ್ತೆ ಮಾತಿನಲ್ಲಿ ಹೇಳಬೇಕಿಲ್ಲ. ಅದರ ಹಿಂದಿನ ಗಳಿಗೆಯನ್ನೋ ಮುಂದಿನ ಗಳಿಗೆಯನ್ನೋ ಹುಡುಕಬೇಕು.

ಈ ಪಾಠಕ್ಕೆ ತಾತ್ವಿಕ ತಳಹದಿ ಹಾಕಿದವನು ಜರ್ಮನಿಯ ಲೆಸ್ಸಿಂಗ್. 1766ರ 'ಲಾವೊಕೋನ್' ಗ್ರಂಥದಲ್ಲಿ ಅವನು ಕಾವ್ಯಕ್ಕೂ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿಟ್ಟ. ಮಾತು ಒಂದಾದ ಮೇಲೊಂದರಂತೆ ಕಾಲದಲ್ಲಿ ಸಾಗುತ್ತದೆ. ಚಿತ್ರ ಎಲ್ಲವನ್ನೂ ಒಮ್ಮೆಗೇ ಅವಕಾಶದಲ್ಲಿ ಹರಡುತ್ತದೆ. ಆದ್ದರಿಂದ ಚಿತ್ರಕಾರನಿಗೆ ಸಿಗುವುದು ಒಂದೇ ಗಳಿಗೆ. ಆ ಗಳಿಗೆ ಘಟನೆಯ ತುತ್ತತುದಿಯಾಗಬಾರದು, ಏಕೆಂದರೆ ತುದಿ ಮುಟ್ಟಿದ ಮೇಲೆ ನೋಡುವವನ ಕಲ್ಪನೆಗೆ ಮುಂದೆ ಹೋಗಲು ಜಾಗವಿರದು ಎಂದು ಲೆಸ್ಸಿಂಗ್ ವಾದಿಸಿದ. ಗ್ರೀಕ್ ಪುರಾಣದ ಮೀಡಿಯಾ ತನ್ನ ಮಕ್ಕಳನ್ನು ಕೊಲ್ಲುವುದನ್ನು ಬಿಟ್ಟು, ಕೊಲ್ಲುವ ಮೊದಲು ತಾಯ್ತನಕ್ಕೂ ಸೇಡಿಗೂ ನಡುವೆ ಅವಳ ಮನಸ್ಸು ತೊಯ್ದಾಡುವುದನ್ನು ಚಿತ್ರಿಸಿದ ಪ್ರಾಚೀನ ಗ್ರೀಕ್ ಕಲಾವಿದ ಟಿಮೊಮ್ಯಾಕಸ್‌ನನ್ನು ಅವನು ಮೆಚ್ಚಿದ್ದು ಇದೇ ಕಾರಣಕ್ಕೆ. ಕತೆ ಕೈಗೆ ಬಂದಾಗ ಸ್ಪರ್ಧೆಯ ಚಿತ್ರಕಾರ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಯಾವ ಗಳಿಗೆಯನ್ನು ತೋರಿಸಿದರೆ ಕತೆಯ ಗುಟ್ಟು ಉಳಿದುಕೊಂಡು ಓದುವ ಆಸೆ ಹೆಚ್ಚುತ್ತದೆ? ಕಿರುಗತೆಯಲ್ಲಂತೂ ಇದು ಬಹಳ ಮುಖ್ಯ. ಕೊನೆಯ ತಿರುವಿನ ಮೇಲೆ ನಿಂತ ಮುನ್ನೂರು ಪದಗಳ ಕತೆಗೆ ಆ ತಿರುವನ್ನೇ ಬಿಡಿಸಿ ತೋರಿಸುವ ಚಿತ್ರ ಜೊತೆಯಾದರೆ, ಓದುಗ ಮೊದಲ ಸಾಲಿಗೆ ಬರುವ ಮುನ್ನವೇ ಕತೆ ಮುಗಿದುಹೋಗಿರುತ್ತದೆ.

ಒಳ್ಳೆಯ ಚಿತ್ರಕಾರ ಕತೆಯನ್ನು ತಿದ್ದಬಲ್ಲ ಎಂಬುದಕ್ಕೆ ಸಾಹಿತ್ಯಚರಿತ್ರೆಯಲ್ಲಿ ದಾಖಲೆಯಿದೆ. ಲೂಯಿಸ್ ಕ್ಯಾರಲ್‌ನ 'ಆಲಿಸ್' ಪುಸ್ತಕಗಳಿಗೆ ಚಿತ್ರ ಬರೆದ ಜಾನ್ ಟೆನಿಯಲ್, 1871ರಲ್ಲಿ ಹೊರಬಂದ ಎರಡನೆಯ ಪುಸ್ತಕದ ಕರಡಿನಲ್ಲಿ ಟೋಪನ್ನು ತೊಟ್ಟ ಕಣಜದ ಪ್ರಸಂಗ ತನಗೆ ರುಚಿಸಲಿಲ್ಲವೆಂದೂ ಅದು ಚಿತ್ರಕ್ಕೆ ಒಗ್ಗದೆಂದೂ ಪತ್ರ ಬರೆದ. ಕ್ಯಾರಲ್ ಅದನ್ನು ತೆಗೆದುಹಾಕಿದ. ಟೆನಿಯಲ್ ಹೇಳಿದ್ದು ಚಿತ್ರಕಾರನ ಕಷ್ಟವನ್ನಾದರೂ ಅದರಲ್ಲಿದ್ದುದು ಓದುಗನ ತೀರ್ಪು. ಕತೆಗಾರ, ಚಿತ್ರಕಾರರ ನಡುವಿನ ಸಂಬಂಧ ಯಾವಾಗಲೂ ಇಷ್ಟು ಹಿತವಾಗಿರಲಿಲ್ಲ. 1836ರಲ್ಲಿ ಪ್ರಕಾಶಕರು ಯುವಕ ಡಿಕನ್ಸ್‌ನನ್ನು ಕರೆದದ್ದು ರಾಬರ್ಟ್ ಸೀಮೋರ್ ಎಂಬ ಹೆಸರಾಂತ ಕಲಾವಿದನ ಚಿತ್ರಗಳಿಗೆ ಹೊಂದುವಂತೆ ಬರೆಯಲು. ಚಿತ್ರಗಳೇ ಬರಹದಿಂದ ಹುಟ್ಟಲಿ ಎಂದು ಡಿಕನ್ಸ್ ಪಟ್ಟುಹಿಡಿದ. ಹೀಗೆ ಕಂತುಗಳಲ್ಲಿ ಆರಂಭವಾದ 'ಪಿಕ್‌ವಿಕ್ ಪೇಪರ್ಸ್'ನ ಎರಡನೆಯ ಸಂಚಿಕೆ ಬರುವ ಮೊದಲೇ ಸೀಮೋರ್ ಆತ್ಮಹತ್ಯೆ ಮಾಡಿಕೊಂಡ. ಆ ಬಳಿಕ ಪ್ರತಿ ಸಂಚಿಕೆಯ ಚಿತ್ರಗಳು ನಾಲ್ಕರಿಂದ ಎರಡಕ್ಕೆ ಇಳಿದವು, ಪುಟಗಳು 24ರಿಂದ 32ಕ್ಕೆ ಏರಿದವು. ಕೃತಿ ಗೆದ್ದಿತು. ಅದರ ನಂತರ ಚಿತ್ರ ಕತೆಯ ಹಿಂದೆ ನಡೆಯಬೇಕಾದದ್ದು ಎಂಬ ಭಾವನೆಯೂ ಗಟ್ಟಿಯಾಯಿತು. ಇಬ್ಬರಿಗೂ ಸರಿಸಮನಾದ ಸ್ಥಾನ ಕೊಡುವ ಇಂದಿನ ಸ್ಪರ್ಧೆಗಳು ಆ ಹಳೆಯ ಮೇಲುಕೀಳನ್ನು ಸರಿಪಡಿಸುತ್ತವೆ.

ನಮ್ಮಲ್ಲಿ ಈ ಜೋಡಿ ಹೊಸದೇನಲ್ಲ. ಆರ್.ಕೆ. ನಾರಾಯಣ್ ಅವರ ಕತೆಗಳು 'ದಿ ಹಿಂದೂ' ಪತ್ರಿಕೆಯಲ್ಲಿ ಬರುತ್ತಿದ್ದಾಗ ಅವುಗಳಿಗೆ ಚಿತ್ರ ಬರೆದದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ತಮ್ಮ ಆರ್.ಕೆ. ಲಕ್ಷ್ಮಣ್. ಓದುಗರ ಮನಸ್ಸಿನಲ್ಲಿ ಮಾಲ್ಗುಡಿ ಉಳಿದಿರುವುದು ಅಣ್ಣನ ಮಾತಿನಲ್ಲಿ ಎಷ್ಟೋ ತಮ್ಮನ ಗೆರೆಗಳಲ್ಲೂ ಅಷ್ಟೇ. 'ಚಂದಮಾಮ'ದ ಬೇತಾಳ ಕತೆಗಳೆಂದರೆ ಇಂದಿಗೂ ಕಣ್ಣಿಗೆ ಕಟ್ಟುವುದು ಕೆ.ಸಿ. ಶಿವಶಂಕರನ್ ಬರೆದ ಚಿತ್ರ: ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಹೆಜ್ಜೆ ಹಾಕುತ್ತಿರುವ ವಿಕ್ರಮ. ಅದೇ ಪತ್ರಿಕೆ ಎರಡು ಫೋಟೊಗಳನ್ನು ಅಚ್ಚುಹಾಕಿ, ಅವೆರಡನ್ನೂ ಹೊಂದಿಸುವ ಚುಟುಕು ಸಾಲುಗಳನ್ನು ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸಿ ಎಂದು ಓದುಗರನ್ನು ಕರೆಯುತ್ತಿತ್ತು, ಗೆದ್ದವರಿಗೆ ಬಹುಮಾನವಿತ್ತು. ಚಿತ್ರದ ಮುಂದೆ ಕೂತು ಮಾತು ಹುಡುಕುವ ಅಭ್ಯಾಸವನ್ನು ಅದು ಒಂದು ತಲೆಮಾರಿನ ಮಕ್ಕಳಲ್ಲಿ ಬೆಳೆಸಿತು. ಇನ್ನೊಂದೆಡೆ ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಎಷ್ಟೋ ಕತೆಗಾರರನ್ನು ಬೆಳಕಿಗೆ ತಂದಿವೆ. ಈ ಎರಡು ಪರಂಪರೆಗಳನ್ನು ಕೂಡಿಸುವುದಷ್ಟೇ ನಮಗೆ ಉಳಿದಿರುವ ಕೆಲಸ.

ಚಿತ್ರ ಬಂದರೆ ಓದುಗನ ಕಲ್ಪನೆ ಬಡವಾಗುತ್ತದೆ ಎಂಬ ಆಕ್ಷೇಪ ಹಳೆಯದು, ತೂಕದ್ದೂ ಹೌದು. ತಾನು ಬದುಕಿರುವವರೆಗೆ ತನ್ನ ಪುಸ್ತಕಗಳಿಗೆ ಚಿತ್ರ ಹಾಕಿಸಲು ಒಪ್ಪಲಾರೆ ಎಂಬುದು ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್‌ನ ನಿಲುವು. ಪದದಲ್ಲಿ ಬರುವ ಹೆಣ್ಣು ಸಾವಿರ ಹೆಂಗಸರನ್ನು ನೆನಪಿಗೆ ತರಬಲ್ಲಳು, ಚಿತ್ರದಲ್ಲಿ ಬರುವವಳು ಒಬ್ಬಳೇ ಎಂಬುದು ಅವನ ವಾದದ ತಿರುಳು. ಕಾಫ್ಕಾನ ಪ್ರಸಂಗ ಇನ್ನಷ್ಟು ತಿಳಿಸುತ್ತದೆ. ನಾಯಕ ಕೀಟವಾಗಿಬಿಡುವ ಕತೆ 'ಮೆಟಮಾರ್ಫಸಿಸ್' 1915ರಲ್ಲಿ ಪುಸ್ತಕವಾಗುತ್ತಿದ್ದಾಗ ಮುಖಪುಟಕ್ಕೆ ಕಲಾವಿದ ಎಲ್ಲಿ ಆ ಕೀಟವನ್ನೇ ಬರೆದುಬಿಡುತ್ತಾನೋ ಎಂದು ಗಾಬರಿಗೊಂಡ ಕಾಫ್ಕಾ, ಅದನ್ನು ದೂರದಿಂದಲೂ ತೋರಿಸಬಾರದೆಂದು ಪ್ರಕಾಶಕರಿಗೆ ಬರೆದ. ಆದರೆ ಚಿತ್ರವೇ ಬೇಡ ಎನ್ನಲಿಲ್ಲ. ಬೆಳಕಿರುವ ಕೋಣೆಯಲ್ಲಿ ತಂದೆತಾಯಿ ಮತ್ತು ತಂಗಿ, ಪಕ್ಕದ ಕತ್ತಲ ಕೋಣೆಗೆ ತೆರೆದ ಬಾಗಿಲು, ಇಂಥದ್ದೇನಾದರೂ ಆಗಬಹುದು ಎಂದು ತಾನೇ ಸೂಚಿಸಿದ. ಕೊನೆಗೆ ಬಂದ ಮುಖಪುಟದಲ್ಲಿ ಕೀಟವಿಲ್ಲ; ಕತ್ತಲೆಗೆ ತೆರೆದ ಬಾಗಿಲಿನಿಂದ ಮುಖ ಮುಚ್ಚಿಕೊಂಡು ದೂರ ಸರಿಯುತ್ತಿರುವ ಮನುಷ್ಯನಿದ್ದಾನೆ. ಫ್ಲೋಬೇರ್ ಹೆದರಿದ್ದು ಕತೆ ಹೇಳಿದ್ದನ್ನೇ ಹೇಳುವ ಚಿತ್ರಕ್ಕೆ, ಕಾಫ್ಕಾ ಬಯಸಿದ್ದು ಕತೆ ಬಿಟ್ಟದ್ದನ್ನು ತಾನೂ ಬಿಡಬಲ್ಲ ಚಿತ್ರವನ್ನು. ಆಕ್ಷೇಪ ನಿಲ್ಲುವುದು ಕೆಟ್ಟ ಜೋಡಿಯ ಮೇಲೆ ಮಾತ್ರ.

ಗಡುವು, ಪದಮಿತಿ, ಕೊಟ್ಟ ವಿಷಯ ಇವುಗಳಿಂದ ಕತೆ ಯಾಂತ್ರಿಕವಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಅದನ್ನು ಪೂರ್ತಿ ತಳ್ಳಿಹಾಕಲಾಗದು. ಸ್ಪರ್ಧೆಗೆಂದೇ ಬರೆದು, ತೀರ್ಪುಗಾರರ ರುಚಿಯನ್ನು ಊಹಿಸುತ್ತಾ ಕೂರುವವರು ತಮ್ಮ ದನಿಯನ್ನೇ ಕಳೆದುಕೊಳ್ಳಬಹುದು. ಆದರೆ ಕಟ್ಟುಪಾಡು ತಾನಾಗಿಯೇ ಕಲ್ಪನೆಯ ಶತ್ರುವಲ್ಲ. ಷಟ್ಪದಿಯ ಮಾತ್ರೆಗಳ ಲೆಕ್ಕ ಕುಮಾರವ್ಯಾಸನ ಕೈ ಕಟ್ಟಲಿಲ್ಲ. ಇನ್ನೊಬ್ಬರ ಚಿತ್ರವೂ ಹಾಗೆ ಒಂದು ಛಂದಸ್ಸಿನಂತೆ ಕೆಲಸ ಮಾಡಬಲ್ಲದು. ತನಗೆ ಅಭ್ಯಾಸವಾದ ಊರು, ಪಾತ್ರ, ದುಃಖಗಳನ್ನೇ ಸುತ್ತುತ್ತಿದ್ದ ಬರಹಗಾರ ತಾನು ಆರಿಸದ ದೃಶ್ಯವೊಂದರ ಎದುರು ನಿಂತಾಗ ಹೊಸದನ್ನು ಯೋಚಿಸಲೇಬೇಕಾಗುತ್ತದೆ.

ಇಂದಿನ ದೊಡ್ಡ ಆತಂಕ ಯಂತ್ರದ್ದು. 2022ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಮೇಳದಲ್ಲಿ ಮಿಡ್‌ಜರ್ನಿ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ತಯಾರಾದ ಚಿತ್ರ ಡಿಜಿಟಲ್ ಕಲಾ ವಿಭಾಗದ ಮೊದಲ ಬಹುಮಾನ ಪಡೆಯಿತು. 2023ರ ಫೆಬ್ರುವರಿಯಲ್ಲಿ 'ಕ್ಲಾರ್ಕ್ಸ್‌ವರ್ಲ್ಡ್' ಎಂಬ ವಿಜ್ಞಾನಕತೆಗಳ ಪತ್ರಿಕೆ ಯಂತ್ರ ಬರೆದ ಕತೆಗಳ ಪ್ರವಾಹ ತಡೆಯಲಾರದೆ ಕೆಲಕಾಲ ಕತೆಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿತು. ಅದೇ ತಿಂಗಳು ಅಮೆರಿಕದ ಕೃತಿಸ್ವಾಮ್ಯ ಕಚೇರಿ 'ಜಾರ್ಯಾ ಆಫ್ ದಿ ಡಾನ್' ಎಂಬ ಚಿತ್ರಕಥೆಯ ವಿಷಯದಲ್ಲಿ, ಮನುಷ್ಯ ಬರೆದ ಮಾತಿಗೂ ಜೋಡಣೆಗೂ ರಕ್ಷಣೆಯುಂಟು, ಯಂತ್ರ ಕೊಟ್ಟ ಚಿತ್ರಗಳಿಗೆ ಇಲ್ಲ ಎಂದು ತೀರ್ಮಾನಿಸಿತು. ಹಾಗಾದರೆ ಇಂಥ ಸ್ಪರ್ಧೆಗಳಿಗೆ ಅರ್ಥ ಉಳಿದಿದೆಯೇ? ಉಳಿದಿದೆ, ಹೆಚ್ಚಾಗಿಯೇ ಉಳಿದಿದೆ. ಸ್ಪರ್ಧೆಯ ಗುರಿ ಒಂದು ಕತೆ, ಒಂದು ಚಿತ್ರ ಕೈಗೆ ಬರುವುದಷ್ಟೇ ಆಗಿದ್ದರೆ ಯಂತ್ರ ಸಾಕು. ಒಬ್ಬ ಮನುಷ್ಯ ಇನ್ನೊಬ್ಬನ ಕಲ್ಪನೆಯನ್ನು ಗಮನವಿಟ್ಟು ಓದಿ ಅದಕ್ಕೆ ತನ್ನ ಕೈಯಾರೆ ಉತ್ತರ ಕೊಡುವುದು ಗುರಿಯಾಗಿದ್ದರೆ, ಆ ಉತ್ತರವನ್ನು ಯಂತ್ರಕ್ಕೆ ಒಪ್ಪಿಸಿದವನು ಸ್ಪರ್ಧೆಯಲ್ಲಿ ಭಾಗವಹಿಸಿಯೇ ಇಲ್ಲ. ಕರಡುಗಳನ್ನೂ ಪ್ರಾಥಮಿಕ ರೇಖೆಗಳನ್ನೂ ಕೇಳುವ ನಿಯಮವನ್ನು ನಡೆಸುವವರು ಸೇರಿಸಬಹುದು.

ಭಾಗವಹಿಸುವವರು ಕಾನೂನನ್ನೂ ಸ್ವಲ್ಪ ತಿಳಿದಿರಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಸಾಮಾನ್ಯ ನಿಯಮದಂತೆ ಕತೆಯ ಹಕ್ಕು ಬರೆದವರದು, ಚಿತ್ರದ ಹಕ್ಕು ಚಿತ್ರಿಸಿದವರದು. ಜೊತೆಯಾಗಿ ಪ್ರಕಟವಾದ ಮಾತ್ರಕ್ಕೆ ಒಬ್ಬರ ಕೃತಿಯ ಮೇಲೆ ಇನ್ನೊಬ್ಬರಿಗೆ ಅಧಿಕಾರ ಬರುವುದಿಲ್ಲ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದು ಲಿಖಿತವಾಗಿಯೇ ಆಗಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷವೆಂದು 19ನೇ ಕಲಂ ಹೇಳುತ್ತದೆ. ಕೃತಿಕಾರನ ಹೆಸರಿಗೂ ಕೃತಿಯ ಗೌರವಕ್ಕೂ 57ನೇ ಕಲಂ ರಕ್ಷಣೆ ಕೊಡುತ್ತದೆ. ಆದ್ದರಿಂದ 'ಒಪ್ಪಿದ್ದೇನೆ' ಎಂಬ ಗುಂಡಿ ಒತ್ತುವ ಮೊದಲು ನಿಯಮಾವಳಿಯನ್ನು ಪೂರ್ತಿ ಓದಬೇಕು. ಗೆಲ್ಲದವರ ಕೃತಿಗಳ ಹಕ್ಕನ್ನೂ ಶಾಶ್ವತವಾಗಿ ಕೇಳುವ ಸ್ಪರ್ಧೆಯಿಂದ ದೂರವಿರುವುದೇ ಲೇಸು.

ಕನ್ನಡದಲ್ಲಿ ಇಂಥ ಸ್ಪರ್ಧೆ ನಡೆಸಲು ದೊಡ್ಡ ಹಣ ಬೇಕಿಲ್ಲ. ಎರಡು ಹೆಸರುಗಳೂ ಒಂದೇ ಗಾತ್ರದ ಅಕ್ಷರದಲ್ಲಿ ಬರಲಿ, ಬಹುಮಾನ ಸರಿಪಾಲಾಗಲಿ, ಕತೆ ಮತ್ತು ಚಿತ್ರದ ನಡುವೆ ಕನಿಷ್ಠ ಒಂದು ಸುತ್ತಿನ ಮಾತುಕತೆಗೆ ಸಮಯವಿರಲಿ, ತೀರ್ಪುಗಾರರಲ್ಲಿ ಸಾಹಿತಿಯ ಪಕ್ಕ ಕಲಾವಿದರೂ ಕೂರಲಿ. ಧಾರವಾಡದ ಕತೆಗಾರ್ತಿಯ ಕಿರುಗತೆಗೆ ಅಮೆರಿಕದಲ್ಲಿರುವ ಕನ್ನಡಿಗನೊಬ್ಬ ಚಿತ್ರ ಬರೆಯುವುದಕ್ಕೆ ಇಂದು ಯಾವ ಅಡ್ಡಿಯೂ ಇಲ್ಲ. ಹೊಸ ಬರಹಗಾರರಿಗೆ ಮೆಚ್ಚುಗೆ ಈಗ ಸುಲಭವಾಗಿ ಸಿಗುತ್ತದೆ, ಗಮನವಿಟ್ಟ ಓದು ಸಿಗುವುದಿಲ್ಲ. ಚಿತ್ರ ಬರೆಯಲು ಕೂತವನು ಕತೆಯನ್ನು ಓದದೆ ಒಂದು ಗೆರೆಯನ್ನೂ ಎಳೆಯಲಾರ. ಚಿತ್ರಕ್ಕೆ ಕತೆ ಬರೆಯಲು ಕೂತವನು ಅದನ್ನು ನೋಡದೆ ಒಂದು ಸಾಲನ್ನೂ ಬರೆಯಲಾರ. ಈ ಕಡ್ಡಾಯದ ಗಮನವೇ ಕತೆಗಾರರನ್ನೂ ಕಲಾವಿದರನ್ನೂ ಬೆಳೆಸುವುದು. ಅದಕ್ಕೆ ಜಾಗ ಮಾಡಿಕೊಡುವ ಹೊಣೆ ನಮ್ಮ ಪತ್ರಿಕೆಗಳದ್ದು, ಸಾಹಿತ್ಯ ಸಂಘಗಳದ್ದು, ಕಲಾಶಾಲೆಗಳದ್ದು.