ಹಸೆಗೋಡೆಯಲ್ಲಿ ಒಕ್ಕಲಮನೆಯ ಚರಿತ್ರೆ

ಹಸೆ ಚಿತ್ತಾರವೆಂದರೆ ಶಿರಸಿ, ಸಿದ್ದಾಪುರ, ಸಾಗರ, ಸೊರಬ ಸೀಮೆಯ ದೀವರ ಸಮುದಾಯದವರು ಮನೆಯ ಒಳಗೋಡೆಯ ಮೇಲೆ ಬರೆಯುವ ಚಿತ್ರ. ಮದುವೆಯಲ್ಲಿ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಹೆಂಗಸರು ಗೆರೆ ಎಳೆಯುತ್ತಾರೆ. ಅಕ್ಕಿ ನೆನೆಸಿ ಅರೆದರೆ ಬಿಳಿ, ಅದೇ ಅಕ್ಕಿಯನ್ನು ಕರಕಾಗುವಂತೆ ಹುರಿದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿ ನಾರಿನದು. ಎಲ್ಲವೂ ನೀರಿನಲ್ಲಿ ಕಲಸಿದ ಬಣ್ಣಗಳೇ.

ಮನೆಯ ಒಳಗನ್ನು ಚಿತ್ರಕ್ಕೆ ತಂದವರು ಬೇರೆಡೆಯೂ ಉಂಟು. ಸ್ವೀಡನ್ನಿನ ಕಲಾವಿದ ಕಾರ್ಲ್ ಲಾರ್ಸನ್ ತನ್ನ ಮನೆಯ ಕೋಣೆಗಳನ್ನು ಜಲವರ್ಣದಲ್ಲಿ ಚಿತ್ರಿಸಿ 1899ರಲ್ಲಿ ಪುಸ್ತಕವಾಗಿ ತಂದ. ಆ ಚಿತ್ರಗಳಲ್ಲಿ ಕಾಣುವ ನೇಯ್ಗೆ, ಪೀಠೋಪಕರಣಗಳ ವಿನ್ಯಾಸದಲ್ಲಿ ಬಹುಪಾಲು ಅವನ ಹೆಂಡತಿ ಕಾರಿನ್‌ಳದು. ಒಳಮನೆಯ ಚಿತ್ರವನ್ನು ಸಮಾಜದ ಚರಿತ್ರೆಯಾಗಿ ಓದುವವರು ಮೊದಲು ಕೇಳುವುದೂ ಇದನ್ನೇ: ಕಾಣುವುದೆಲ್ಲ ಯಾರ ದುಡಿಮೆ? ಹಸೆಗೋಡೆಯ ಮುಂದೆ ಈ ಪ್ರಶ್ನೆಗೆ ಇನ್ನಷ್ಟು ತೂಕ ಬರುತ್ತದೆ. ಇಲ್ಲಿ ಕೋಣೆಯ ಗೋಡೆಯೇ ಚಿತ್ರ. ಬರೆದವರ ಹೆಸರು ಎಲ್ಲಿಯೂ ಇಲ್ಲ.

ಈ ಸೀಮೆಯ ಚರಿತ್ರೆಯನ್ನು ದೊಡ್ಡ ಮನೆತನಗಳ ಕಡೆಯಿಂದ ಹೇಳುವುದೇ ರೂಢಿ. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು 1926ರಲ್ಲಿ ಹುಟ್ಟಿದ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ಹೆಸರು ನಾಡಿಗೆಲ್ಲ ಗೊತ್ತು. ಅಂಥ ಮನೆಗಳ ಜಗಲಿ, ಕಂಬ, ಅಡಿಕೆ ಅಟ್ಟಗಳ ಬಗ್ಗೆ ಬರೆದವರೂ ಉಂಟು. ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ದೀವರ ಒಕ್ಕಲಿನ ಮನೆಯೊಳಗೆ ಏನಿತ್ತು ಎಂಬುದಕ್ಕೆ ಕಾಗದದ ದಾಖಲೆ ಕಡಿಮೆ. ಅದನ್ನು ಗೋಡೆ ಹೇಳುತ್ತದೆ.

ಗೋಡೆಯ ಮೇಲಿನ ಬಿಳಿ ಊಟದ ಅಕ್ಕಿಯಿಂದಲೇ ಬಂದದ್ದು. ಅದೇ ಬೆಳೆಯ ದೊಡ್ಡ ಪಾಲು ಗೇಣಿಯಾಗಿ ಒಡೆಯನ ಕಣಜ ಸೇರುತ್ತಿತ್ತು. ಸಾಗರದ ಬಳಿ 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹಕ್ಕೆ ಗೇಣಿಭತ್ತ ಅಳೆಯುವ ಕೊಳಗದ ಗಾತ್ರವೂ ಒಂದು ಕಾರಣ. ರೈತರ ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಭತ್ತದ ಒಂದೊಂದು ಸೇರಿಗೂ ಜಗಳವಿದ್ದ ಕಾಲದಲ್ಲಿ ಹಿಡಿ ಅಕ್ಕಿಯನ್ನು ಗೋಡೆಗೆ ಎತ್ತಿಡುತ್ತಿದ್ದರೆಂಬುದು ಮದುವೆಗೆ ಆ ಮನೆ ಕೊಟ್ಟ ಬೆಲೆಯನ್ನು ತೋರಿಸುತ್ತದೆ.

ಚಿತ್ತಾರದ ಎಳೆಗಳನ್ನೂ ಹೀಗೆಯೇ ಓದಬಹುದು. ನಿಲಿ ಕೋಚು ಎಂಬ ಎಳೆ ನೋಡಿದರೆ ಮಾಡಿನ ಪಕಾಸುಗಳ ನೆನಪಾಗುತ್ತದೆ. ಪೋಪಳಿ, ಜೋಗಿ ಜಡೆ, ಬಾಸಿಂಗ, ದಂಡಿಗೆ ಎಂಬ ವಿನ್ಯಾಸಗಳು ಒಂದರೊಳಗೊಂದು ಕೂಡಿಕೊಂಡಿರುತ್ತವೆ. ಗೆರೆ ಅತ್ತಿತ್ತ ಸರಿಯದ ಈ ಕೈಚಳಕ ಹೆಂಗಸಿನಿಂದ ಹೆಂಗಸಿಗೆ ದಾಟಿ ಬಂದದ್ದು. ಭೂಮಿ ಹುಣ್ಣಿಮೆಯಲ್ಲಿ ಫಲ ಹೊತ್ತ ಪೈರಿಗೆ ಬಯಕೆಯ ಅಡುಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಕೈ ಓಡುತ್ತದೆ. ಆದ್ದರಿಂದ ಗೋಡೆಯ ಚಿತ್ರವನ್ನು ಗದ್ದೆಯಿಂದ ಬೇರ್ಪಡಿಸಿ ಅರ್ಥ ಮಾಡುವುದು ತಪ್ಪು.

1974ರ ಭೂಸುಧಾರಣೆಯ ನಂತರ ಅನೇಕ ಗೇಣಿದಾರರು ಗದ್ದೆಯ ಒಡೆಯರಾದರು. ಮಣ್ಣಿನ ಗೋಡೆಯ ಜಾಗಕ್ಕೆ ಕ್ರಮೇಣ ಸಿಮೆಂಟು ಬಂತು. ಚಿತ್ತಾರ ಕಾಗದ, ಬಟ್ಟೆ, ಕ್ಯಾನ್ವಾಸಿಗೆ ಹೋಯಿತು. ಈಗ ಗಂಡಸರೂ ಬರೆಯುತ್ತಾರೆ. ಅಕ್ಕಿಹಿಟ್ಟಿನ ಬದಲು ಅಂಗಡಿಯ ಬಣ್ಣವೂ ಬಳಕೆಗೆ ಬಂದಿದೆ. ಬರೆಯುವವರಿಗೆ ಇದರಿಂದ ಸಂಪಾದನೆಯಿದೆ, ಅದು ಒಳ್ಳೆಯದೇ. ಆದರೆ ಅಂಥ ಚಿತ್ರ ಯಾವ ಮನೆಯ, ಯಾರ ಮದುವೆಯದೆಂದು ಅದನ್ನು ನೋಡಿ ಹೇಳಲಾಗದು.