ಟಿ.ವಿ.ಗಳ ಕಣ್ಣಾಮುಚ್ಚಾಲೆ

ಹದಿಮೂರು ವರ್ಷ ದುಡಿದ ನಮ್ಮ ಟಿ.ವಿ. ಕಳೆದ ದೀಪಾವಳಿಯ ಹೊತ್ತಿಗೆ ಪರದೆಯ ನಡುವೆ ಉದ್ದಕ್ಕೊಂದು ಗೆರೆ ಎಳೆದುಕೊಂಡು ಕೂತಿತು. ಕ್ರಿಕೆಟ್ ನೋಡುವಾಗ ಮೊಮ್ಮಕ್ಕಳು ಅದಕ್ಕೆ ‘ನಾಲ್ಕನೇ ಸ್ಟಂಪ್’ ಎಂದು ಹೆಸರಿಟ್ಟರು. ಮಗ ಮಾತ್ರ, “ಈ ಸಲ ಓಎಲ್‌ಇಡಿನೇ ತರೋಣ ಅಪ್ಪಾ. ನೋಡಿದ ಕೂಡ್ಲೆ ಫರಕು ಗೊತ್ತಾಗ್ತದ” ಅಂದ. ಬೆಲೆ ಕೇಳಿದೆ. ನಾನು ಮಾಸ್ತರಿಕೆಗೆ ಸೇರಿದ ಮೊದಲ ಹತ್ತು ವರ್ಷದ ಪಗಾರವೆಲ್ಲ ಕೂಡಿಸಿದರೂ ಅಷ್ಟಾಗದು!

ವಿಜ್ಞಾನ ಕಲಿಸಿದವನಿಗೆ ‘ನೋಡಿದ ಕೂಡ್ಲೆ ಗೊತ್ತಾಗ್ತದ’ ಎಂಬ ಮಾತು ಸುಮ್ಮನೆ ಬಿಡುವಂಥದಲ್ಲ. “ಹೆಸರು, ಬೆಲೆ ಎರಡೂ ಮುಚ್ಚಿ ನೋಡೋಣ. ಆಗಲೂ ಗೊತ್ತಾದರೆ ತರೋಣ” ಅಂದೆ. ಮಕ್ಕಳೇ, ಇದಕ್ಕೆ ಬ್ಲೈಂಡ್ ಟೆಸ್ಟ್ ಅನ್ನುತ್ತಾರೆ. ಹೊಸ ಔಷಧಿಯನ್ನು ಪರೀಕ್ಷಿಸುವಾಗ ಕೆಲವರಿಗೆ ನಿಜವಾದ ಗುಳಿಗೆ, ಇನ್ನು ಕೆಲವರಿಗೆ ಅದರಂತೆಯೇ ಕಾಣುವ, ಔಷಧವಿಲ್ಲದ ಗುಳಿಗೆ ಕೊಡುತ್ತಾರಲ್ಲ, ಅದೇ ಉಪಾಯ. ದುಬಾರಿ ಎಂದು ಗೊತ್ತಾದ ಮೇಲೆ ಚಹಾ ಕೂಡ ರುಚಿ ಅನಿಸತೊಡಗುತ್ತದೆ. ಕಣ್ಣಿನದೂ ಅದೇ ಕಥೆ.

ಧಾರವಾಡದಲ್ಲಿ ನಮಗೆ ಪರಿಚಯದ ಅಂಗಡಿಯೊಂದಿದೆ. ಗಿರಾಕಿ ಕಡಿಮೆ ಇರುವ ಮಂಗಳವಾರ ಮಧ್ಯಾಹ್ನ ಬರಲು ಹೇಳಿದರು. 55 ಇಂಚಿನ ಮೂರು ಟಿ.ವಿ.ಗಳ ಅಂಚಿಗೆ ಮೊಮ್ಮಗ ವೃತ್ತಪತ್ರಿಕೆ ಅಂಟಿಸಿ, ಅ, ಆ, ಇ ಎಂದು ಬರೆದ. ಒಂದು ಓಎಲ್‌ಇಡಿ, ಒಂದು ಮಿನಿ ಎಲ್‌ಇಡಿ, ಇನ್ನೊಂದು ಅವೆರಡಕ್ಕಿಂತ ಬಹಳ ಅಗ್ಗದ ಸಾದಾ ಎಲ್‌ಇಡಿ. ಅವನು ಹೊರಗೆ ಹೋದ ಮೇಲೆ ಅಂಗಡಿಯ ಹುಡುಗ ಚೀಟಿಗಳನ್ನು ಅದಲು ಬದಲು ಮಾಡಿದ. ಮುಖ ನೋಡಿ ಗುಟ್ಟು ತಿಳಿಯಬಾರದೆಂದು ಆ ಹುಡುಗನನ್ನೂ ನಮ್ಮ ಬೆನ್ನ ಹಿಂದೆ ನಿಲ್ಲಿಸಿದೆವು.

ಏನು ನೋಡುವುದು? ಅಂಗಡಿಯವರ ವೀಡಿಯೊದಲ್ಲಿ ಹೂವು, ಹಣ್ಣು, ಬಣ್ಣದ ಹಕ್ಕಿ. ಆ ಹಕ್ಕಿಯನ್ನು ನಾವ್ಯಾರೂ ಕಂಡಿಲ್ಲ, ಅದರ ಬಣ್ಣ ಸರಿಯೋ ತಪ್ಪೋ ಹೇಳುವುದು ಹೇಗೆ? ಇದಕ್ಕೆ ದಾರಿ ಹುಡುಕಿದ್ದು ನಮ್ಮ ಮನೆಯಾಕೆ. ತನ್ನ ಇಳಕಲ್ ಸೀರೆಯ ಕೆಂಪು-ಬಿಳಿ ಸೆರಗನ್ನು ಮೊಮ್ಮಗಳ ಮೊಬೈಲಿನಲ್ಲಿ ಪಡಸಾಲೆಯ ಬೆಳಕಲ್ಲೇ ಚಿತ್ರೀಕರಿಸಲು ಹೇಳಿ, ಅದೇ ಸೀರೆ ಉಟ್ಟುಕೊಂಡು ಅಂಗಡಿಗೆ ಬಂದಳು. (ಮೊಬೈಲ್ ಕ್ಯಾಮೆರಾ ಕೂಡ ಬಣ್ಣ ಸ್ವಲ್ಪ ತಿದ್ದುತ್ತದೆ, ಒಪ್ಪುತ್ತೇನೆ. ಆದರೆ ಮೂರಕ್ಕೂ ಒಂದೇ ವೀಡಿಯೊ ತಾನೆ!)

ಮೊದಲ ಸುತ್ತು, ಟಿ.ವಿ.ಗಳು ಅಂಗಡಿಯಲ್ಲಿ ಹೇಗಿದ್ದವೋ ಹಾಗೆಯೇ. ಐವರಲ್ಲಿ ನಾಲ್ವರು ‘ಆ’ ಎಂದು ಬರೆದೆವು. ಅದೇ ಎಲ್ಲಕ್ಕಿಂತ ಝಗಮಗಿಸುತ್ತಿತ್ತು. ಸೀರೆಯುಟ್ಟಾಕೆ ಮಾತ್ರ ಚೀಟಿ ಖಾಲಿ ಬಿಟ್ಟಿದ್ದಳು. “ಇದ್ಯಾವುದೂ ನನ್ನ ಸೀರಿ ಅಲ್ಲ. ಲಗ್ನದ ದಿನಾನೂ ಇದು ಇಷ್ಟು ಕೆಂಪಿರಲಿಲ್ಲ.”

ಅವಳ ಮಾತೇ ಸರಿ. ಅಂಗಡಿಯ ಟಿ.ವಿ.ಗಳನ್ನು ಹೆಚ್ಚಾಗಿ ‘ವಿವಿಡ್’ ಎಂಬ ವ್ಯವಸ್ಥೆಯಲ್ಲಿ ಇಟ್ಟಿರುತ್ತಾರೆ. ಬೆಳಕು ಹೆಚ್ಚು, ಬಣ್ಣ ಗಾಢ, ಬಿಳಿಗೆ ನೀಲಿಯ ಛಾಯೆ. ಪಕ್ಕಪಕ್ಕದಲ್ಲಿಟ್ಟರೆ ನಮ್ಮ ಕಣ್ಣು ಹೆಚ್ಚು ಬೆಳಕಿನದನ್ನೇ ಒಳ್ಳೆಯದೆಂದು ನಂಬುತ್ತದೆ.

ಮೂರನ್ನೂ ‘ಸಿನಿಮಾ’ ವ್ಯವಸ್ಥೆಗೆ ಬದಲಿಸಿದೆವು. ಸೀರೆ ಸೀರೆಯಾಯಿತು, ಆದರೆ ಆರಿಸುವುದು ಕಷ್ಟವಾಯಿತು. ನೋಡಿದ ಕೂಡಲೇ ಗೊತ್ತಾಗ್ತದ ಅಂದ ಮಗ ಬಹಳ ಹೊತ್ತು ತಲೆ ಕೆರೆದು ‘ಇ’ ಎಂದು ಬರೆದ. ಅದು ಎಲ್ಲಕ್ಕಿಂತ ಅಗ್ಗದ್ದು! ಮೊಮ್ಮಗಳು ಇನ್ನೂ ಚಾಲಾಕಿ. ಹುಡುಗನ ಕಿವಿಯಲ್ಲಿ ಹೇಳಿ, ಒಂದೇ ಟಿ.ವಿ.ಯನ್ನು ನಡುವೆ ಆರಿಸಿ ಎರಡು ಸಲ ತೋರಿಸಿಸಿದಳು. ಮೊದಲ ಸಲ ಅದಕ್ಕೆ ಏಳು ಅಂಕ ಕೊಟ್ಟ ಅವರಪ್ಪ, ಎರಡನೆಯ ಸಲ ಒಂಬತ್ತು ಕೊಟ್ಟ.

ಹಾಗಾದರೆ ಫರಕೇ ಇಲ್ಲವೇ? ಇದೆ. ಶಟರ್ ಅರ್ಧ ಇಳಿಸಿ, ದೀಪ ಆರಿಸಿ, ರಾತ್ರಿ ಹಿತ್ತಲಲ್ಲಿ ಹಚ್ಚಿಟ್ಟ ಹಣತೆಯ ವೀಡಿಯೊ ಹಾಕಿಸಿದಾಗ ಐದೂ ಚೀಟಿಗಳಲ್ಲಿ ಒಂದೇ ಅಕ್ಷರ: ‘ಅ’. ಅದೇ ಓಎಲ್‌ಇಡಿ. ಎಲ್‌ಇಡಿ ಟಿ.ವಿ.ಯಲ್ಲಿ ಪರದೆಯ ಹಿಂದೆ ದೀಪಗಳಿರುತ್ತವೆ. ಮುಂದಿನ ದ್ರವಸ್ಫಟಿಕದ ಪದರ ಕಿಟಕಿಯ ಪಟ್ಟಿಗಳಂತೆ ಆ ಬೆಳಕನ್ನು ತಡೆಯುತ್ತದೆ. ಎಷ್ಟು ತಡೆದರೂ ಸ್ವಲ್ಪ ಸೋರಿ, ಕಪ್ಪು ಬೂದಿಯಾಗಿ ಕಾಣುತ್ತದೆ. ಮಿನಿ ಎಲ್‌ಇಡಿಯಲ್ಲಿ ದೀಪಗಳು ಸಣ್ಣವು, ಬಹಳ. ಕತ್ತಲಿರುವ ಕಡೆಯವನ್ನು ಮಂಕು ಮಾಡಬಹುದು. ಆದರೂ ಹಣತೆಯ ಸುತ್ತ ತೆಳುವಾದ ಪ್ರಭೆ ಉಳಿದಿತ್ತು. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ದೀಪ. ಕಪ್ಪು ಬೇಕಾದಲ್ಲಿ ಅದು ಪೂರ್ತಿ ಆರಿಬಿಡುತ್ತದೆ. ಆದರೆ ನಮ್ಮ ಪಡಸಾಲೆಯಲ್ಲಿ ಟಿ.ವಿ.ಯ ಎದುರಿಗೇ ದೊಡ್ಡ ಕಿಟಕಿ. ಅಲ್ಲಿ ಹಗಲು ಹೊತ್ತು ಈ ಕಪ್ಪಿನ ಸೊಬಗು ಯಾರಿಗೆ ಕಂಡೀತು?

ಇನ್ನು 4ಕೆ ಎಂಬ ಮಂತ್ರ. ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಚುಕ್ಕೆಗಳು. ಹಳೆಯ ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಆದರೆ ಸಾಮಾನ್ಯ ಕಣ್ಣು ಬೇರ್ಪಡಿಸಿ ನೋಡಬಲ್ಲದ್ದು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಮಾತ್ರ. ಒಂದು ಹಾಳೆಯ ಮೇಲೆ ಒಂದು ಮಿಲಿಮೀಟರ್ ಅಂತರ ಬಿಟ್ಟು, ಅಷ್ಟೇ ದಪ್ಪದ ಎರಡು ಕಪ್ಪು ಗೆರೆ ಎಳೆದು ಗೋಡೆಗೆ ಅಂಟಿಸಿ, ಹಿಂದೆ ಹಿಂದೆ ನಡೆಯಿರಿ. ಸುಮಾರು 11 ಅಡಿಯ ಹೊತ್ತಿಗೆ ಎರಡೂ ಕೂಡಿ ಒಂದೇ ಆಗಬೇಕು. ಅದೇ ಲೆಕ್ಕದಲ್ಲಿ 55 ಇಂಚಿನ ಪರದೆಯಿಂದ ಏಳೆಂಟು ಅಡಿ ದೂರ ಕೂತರೆ ಫುಲ್ ಎಚ್‌ಡಿಯ ಚುಕ್ಕೆಗಳೇ ಬೇರೆಬೇರೆಯಾಗಿ ಕಾಣವು. ನಮ್ಮ ಸೋಫಾ ಇರುವುದು ಹತ್ತು ಅಡಿ ದೂರದಲ್ಲಿ.

ಎಲ್ಲ ಮುಗಿದು ಚಹಾ ಕುಡಿಯುವಾಗ ಮೊಮ್ಮಗಳು ಚೀಟಿಗಳನ್ನು ಮತ್ತೆ ಓದುತ್ತಿದ್ದಳು. “ಅಜ್ಜಾ, ಸೆರಗಿನ ಬಿಳಿ ಹೆಂಗದ ಅಂತ ಕೇಳಿದ್ರ, ನೀವು ಮೂರಕ್ಕೂ ‘ಹಳದಿ’ ಅಂತ ಬರದೀರಲ್ಲ? ಉಳಿದೋರೆಲ್ಲ ‘ಬಿಳಿ’ ಅಂದಾರ.”

ನಾನು ಎದುರಿಗೆ ಕೂತಿದ್ದ ಹೆಂಡತಿಯ ಸೆರಗನ್ನೇ ನೋಡಿದೆ. ಎಡಗಣ್ಣು ಮುಚ್ಚಿದೆ: ಸ್ವಲ್ಪ ಮಾಸಿದ ಬಿಳಿ. ಬಲಗಣ್ಣು ಮುಚ್ಚಿದೆ: ಚಹಾದಲ್ಲಿ ಅದ್ದಿ ತೆಗೆದಂತೆ ಕಂದು. ಎರಡು ವರ್ಷದ ಹಿಂದೆಯೇ ಡಾಕ್ಟರು ಪೊರೆ ಬೆಳೆಯುತ್ತಿದೆ ಅಂದಿದ್ದರು. ‘ಇನ್ನೂ ಚೆನ್ನಾಗಿಯೇ ಕಾಣ್ತದ’ ಎಂದು ಮುಂದೂಡುತ್ತಾ ಬಂದಿದ್ದೆ. ಪೊರೆ ಮೆಲ್ಲಗೆ ಹಳದಿಯಾಗುವುದರಿಂದ, ಬದಲಾದದ್ದು ನಮ್ಮ ಅರಿವಿಗೇ ಬರುವುದಿಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೋನೆ ಕೂಡ ಪೊರೆ ಬಂದ ಕಣ್ಣಿನಲ್ಲೇ ಕೆಂಪು ಕಂದು ಬಣ್ಣಗಳ ಚಿತ್ರ ಬರೆದು, 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ.

ಟಿ.ವಿ. ಇನ್ನೂ ತಂದಿಲ್ಲ. ನಾಲ್ಕನೇ ಸ್ಟಂಪ್ ಹಾಗೆಯೇ ಇದೆ. ಎಡಗಣ್ಣಿನ ಆಪರೇಷನ್‌ಗೆ ಬರುವ ತಿಂಗಳ ತಾರೀಖು ಸಿಕ್ಕಿದೆ. ಅದಾದ ಮೇಲೆ ಇನ್ನೊಮ್ಮೆ ಅಂಗಡಿಗೆ ಹೋಗಿ ಚೀಟಿ ಬರೆಯಬೇಕಂತೆ. ಮನೆಯಾಕೆ ಸೀರೆ ಒಗೆದು, ಮಡಚಿ, ಕಪಾಟಿನ ಮೇಲಿನ ಅರೆಯಲ್ಲಿ ಎತ್ತಿಟ್ಟಿದ್ದಾಳೆ.