ನಿಮಗಿದು ಗೊತ್ತೇ? ಬೇಕೆಂದಾಗ ಗುಡುಗು, ಬೇಡವೆಂದಾಗ ಗಪ್‌ಚುಪ್

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತುವ ರಸ್ತೆಯಲ್ಲಿ ಚಕ್ಕಡಿ, ಟ್ರ್ಯಾಕ್ಟರ್, ಟೆಂಪೊ, ಬುಲೆಟ್, ಕಾರು ಎಲ್ಲವೂ ಒಂದೇ ಸಾಲಿನಲ್ಲಿ ತೆವಳುತ್ತವೆ. ಎತ್ತು ಬೆದರುವಂತೆ ಪಟಾಕಿ ಹಾರಿಸುವ ಬುಲೆಟ್ಟೂ ಅಲ್ಲಿರುತ್ತದೆ, ಪಕ್ಕಕ್ಕೆ ಬಂದದ್ದೇ ಗೊತ್ತಾಗದ ದುಬಾರಿ ಕಾರೂ ಇರುತ್ತದೆ. ಎಂಜಿನ್ನಿನ ಬಲ ಯಾವುದಕ್ಕೆ ಹೆಚ್ಚು ಎಂಬುದನ್ನು ಕಿವಿಯಿಂದ ಅಳೆಯಲು ಹೋದರೆ ಮೋಸ ಹೋದಂತೆಯೇ.

★ ಎಂಜಿನ್ನಿನ ಹೊಗೆಕೊಳವೆಗೆ ಸೈಲೆನ್ಸರ್ ಹಾಕುವ ಪೇಟೆಂಟನ್ನು ಅಮೆರಿಕದ ಇಂಡಿಯಾನಾ ರಾಜ್ಯದ ರೀವ್ಸ್ ಸೋದರರು ಪಡೆದದ್ದು 1897ರಲ್ಲಿ. ಅಂದರೆ ಸದ್ದಿನ ಬಗ್ಗೆ ತಕರಾರು ಕಾರಿನಷ್ಟೇ ಹಳೆಯದು.

★ ನಾಲ್ಕು ಸಿಲಿಂಡರಿನ ಕಾರು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೈಲೆನ್ಸರ್ ಕಡೆಗೆ ಸೆಕೆಂಡಿಗೆ 100 ಸ್ಫೋಟಗಳ ಅಲೆ ನುಗ್ಗುತ್ತದೆ. ಐಡಲ್‌ನಲ್ಲಿ 1000 ಸುತ್ತು ತಿರುಗುವ ಒಂಟಿ ಸಿಲಿಂಡರಿನ ಬುಲೆಟ್‌ನಲ್ಲಿ ಇದು ಸೆಕೆಂಡಿಗೆ ಎಂಟರ ಆಸುಪಾಸು. ಅದಕ್ಕೇ ಅದರ ಡಬ್ ಡಬ್ ಒಂದೊಂದಾಗಿ ಎಣಿಸಿದಂತೆ ಕೇಳುತ್ತದೆ.

★ ಸದ್ದಡಗಿಸುವ ದಾರಿ ಮುಖ್ಯವಾಗಿ ಎರಡು. ಒಳಗೆ ಕೋಣೆಗಳನ್ನು ಮಾಡಿ ಅಲೆಯನ್ನು ಅಲೆಗೇ ಡಿಕ್ಕಿ ಹೊಡೆಸುವುದು ಒಂದು. ಕಂಪನಿಗಳು ಕೊಡುವ ಸೈಲೆನ್ಸರ್‌ಗಳಲ್ಲಿ ಹೆಚ್ಚಿನವು ಈ ಜಾತಿಯವು. ತೂತುಗಳಿರುವ ಕೊಳವೆಯ ಸುತ್ತ ಗ್ಲಾಸ್‌ವೂಲ್ ತುಂಬುವುದು ಇನ್ನೊಂದು. ಹೊರಗಿನಿಂದ ತಂದು ಹಾಕುವ ‘ಸ್ಪೋರ್ಟ್ಸ್’ ಸೈಲೆನ್ಸರ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ಈ ಗಾಜಿನ ಉಣ್ಣೆ ಸುಟ್ಟು ಉದುರಿದಂತೆ ಸದ್ದು ವರ್ಷದಿಂದ ವರ್ಷಕ್ಕೆ ಏರುತ್ತದೆ. ಕೊಂಡ ದಿನ ಇಂಪಾಗಿದ್ದದ್ದು ಆಮೇಲೆ ಯಾಕೆ ಕರ್ಕಶವಾಯಿತು ಎನ್ನುವವರು ಮೊದಲು ಅದನ್ನು ಬಿಚ್ಚಿ ನೋಡಲಿ.

★ ರಾಷ್ಟ್ರೀಯ ಹೆದ್ದಾರಿ 48 ಕಿತ್ತೂರಿನ ಮಗ್ಗುಲಲ್ಲೇ ಹಾಯುತ್ತದೆ. ಅಲ್ಲಿ ಒಂದೇ ವೇಗದಲ್ಲಿ ಓಡುವಾಗ ಸೈಲೆನ್ಸರ್ ಬದಲಿಸಿದ ಕಾರಿನೊಳಗೆ ‘ಗೊಂಯ್’ ಎಂಬ ತಗ್ಗಿದ ಮೊರೆತ ಶುರುವಾಗುತ್ತದೆ. ಡ್ರೋನ್ ಎಂದು ಇದರ ಹೆಸರು. ಮೊದಲ ಹತ್ತು ನಿಮಿಷ ಮಜಾ, ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ತಲೆನೋವು. ಇದಕ್ಕೆ ಸೊಗಸಾದ ಮದ್ದಿದೆ: ಮುಖ್ಯ ಕೊಳವೆಯ ಬದಿಗೆ, ಒಂದು ತುದಿ ಮುಚ್ಚಿದ ಇನ್ನೊಂದು ಕೊಳವೆಯನ್ನು ವೆಲ್ಡ್ ಮಾಡುವುದು. ಅದರೊಳಗೆ ಹೋದ ಅಲೆ ಮುಚ್ಚಿದ ತುದಿಗೆ ಬಡಿದು, ತಿರುಗಿ ಬರುವಾಗ ಎದುರು ಅಲೆಯಾಗಿ ಮೊರೆತವನ್ನು ಕೊಲ್ಲುತ್ತದೆ. ಅಳತೆಯೇ ಇಲ್ಲಿ ಮುಖ್ಯ. ಹೊಗೆ ಸುಮಾರು 350 ಡಿಗ್ರಿ ಬಿಸಿಯಿದ್ದರೆ ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ 500 ಮೀಟರ್‌ನಷ್ಟು. ಸೆಕೆಂಡಿಗೆ 100 ಕಂಪನದ ಮೊರೆತಕ್ಕೆ ಬೇಕಾದ ಕೊಳವೆ ಅಲೆಯುದ್ದದ ಕಾಲು ಭಾಗ, ಅಂದರೆ ಸುಮಾರು 1.25 ಮೀಟರ್. ಕಾರಿನಡಿ ಅಷ್ಟುದ್ದ ನೇರ ಜಾಗ ಸಿಗದು ಎಂದು ಅದನ್ನು ಬಗ್ಗಿಸಿ ಕೂರಿಸುತ್ತಾರೆ. ಶಕ್ತಿ ಒಂದಿಷ್ಟೂ ಕಡಿಮೆಯಾಗದೆ ಮೊರೆತ ಮಾತ್ರ ಮಾಯ!

★ ‘ಎಂಜಿನ್ನಿಗೆ ಬ್ಯಾಕ್‌ಪ್ರೆಷರ್ ಬೇಕಾಗ್ತದ್ರೀ’ ಎಂಬ ಗ್ಯಾರೇಜಿನ ಮಾತು ಅರ್ಧ ಸತ್ಯ. ಎಂಜಿನ್ನಿಗೆ ಬೇಕಾದದ್ದು ತಡೆಯಲ್ಲ, ಹೊಗೆಯ ಓಟ. ಕೊಳವೆ ತೀರಾ ದೊಡ್ಡದಾದರೆ ಹೊಗೆ ನಿಧಾನವಾಗಿ, ಕಡಿಮೆ ಸುತ್ತಿನಲ್ಲಿ ಎಳೆತ ಕುಗ್ಗುತ್ತದೆ. ಸದ್ದು ಹೆಚ್ಚಿ ಗಾಡಿ ಮಂಕಾಗುವುದೂ ಉಂಟು.

★ ಗುಂಡಿ ಒತ್ತಿ ಸದ್ದು ಏರಿಸುವ, ಇಳಿಸುವ ಸೈಲೆನ್ಸರ್ ಹೊಸದೇನಲ್ಲ. 1990ರ ದಶಕದ ಆರಂಭದಲ್ಲೇ ಮಿತ್ಸುಬಿಷಿ 3000 ಜಿಟಿಯಲ್ಲಿ ಇತ್ತು. ಕೊಳವೆಯೊಳಗೊಂದು ಬಿಲ್ಲೆಯಂಥ ಕವಾಟ: ಮುಚ್ಚಿದರೆ ಹೊಗೆ ಎಲ್ಲ ಕೋಣೆಗಳನ್ನೂ ಸುತ್ತಿ ಬರಬೇಕು, ತೆರೆದರೆ ನೇರದಾರಿ. ಬೈಕಿನಲ್ಲಿ 1987ರಲ್ಲೇ ಯಮಾಹಾ ‘ಎಕ್ಸಪ್’ ಕವಾಟ ತಂದಿತ್ತು. ಅದರ ಉದ್ದೇಶ ಮೌನವಲ್ಲ, ಕಡಿಮೆ ಸುತ್ತಿನಲ್ಲೂ ಎಳೆತ ಉಳಿಸಿಕೊಳ್ಳುವುದು.

★ ಫೋರ್ಡ್ ಕಂಪನಿಯ ಹಿರಿಯ ಎಂಜಿನಿಯರೊಬ್ಬರು ತಮ್ಮ ಮಸ್ಟ್ಯಾಂಗ್ ಶುರು ಮಾಡಿದ ಸದ್ದಿಗೆ ನೆರೆಮನೆಯವರು ಪೊಲೀಸರನ್ನೇ ಕರೆದರಂತೆ. ಅದರಿಂದ ಹುಟ್ಟಿದ್ದೇ 2018ರ ಮಸ್ಟ್ಯಾಂಗ್ ಜಿಟಿಯ ‘ಒಳ್ಳೆಯ ನೆರೆಯವ’ ವ್ಯವಸ್ಥೆ. ರಾತ್ರಿ ಇಷ್ಟರಿಂದ ಬೆಳಗ್ಗೆ ಇಷ್ಟರವರೆಗೆ ಮೆತ್ತಗೆ ಶುರುವಾಗು ಎಂದು ಕಾರಿಗೇ ಹೇಳಿಡಬಹುದು. ಕಂಪನಿ ಕೊಟ್ಟ ಲೆಕ್ಕ: 82 ಡೆಸಿಬೆಲ್‌ನಿಂದ 72ಕ್ಕೆ. ಹತ್ತೇ ತಾನೆ ಎನ್ನಬೇಡಿ. ಹತ್ತು ಡೆಸಿಬೆಲ್ ಇಳಿದರೆ ಸದ್ದಿನ ಶಕ್ತಿ ಹತ್ತನೇ ಒಂದು ಪಾಲಾಗುತ್ತದೆ, ಕಿವಿಗೆ ಸುಮಾರು ಅರ್ಧದಷ್ಟು ಅನ್ನಿಸುತ್ತದೆ.

★ ಹಾಗಾದರೆ ನಾವೂ ಒಂದು ಕವಾಟ ಕೂರಿಸೋಣವೇ? ತಡೆಯಿರಿ. ಸೈಲೆನ್ಸರ್ ತಪ್ಪಿಸಿ ಹೊಗೆ ಬಿಡುವ ‘ಕಟ್‌ಔಟ್’ ಅನ್ನು ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮು ಹೆಸರಿಟ್ಟೇ ನಿಷೇಧಿಸುತ್ತದೆ: ಮೊದಲ ಸಲ 1000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2000. ಅಲ್ಲಿಗೇ ಮುಗಿಯದು. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಮಿನಡಿ ಒಂದೊಂದಕ್ಕೂ 5000 ರೂಪಾಯಿ ಅಥವಾ ಆರು ತಿಂಗಳವರೆಗೆ ಸೆರೆ. ಶಬ್ದದ ಮಿತಿ ಮೀರಿದರೆ 190(2)ರಡಿ ದಂಡ 10,000 ರೂಪಾಯಿವರೆಗೂ ಹೋಗಬಹುದು, ಮೂರು ತಿಂಗಳು ಲೈಸೆನ್ಸಿಗೂ ಕುತ್ತು. ಕಾರ್ಖಾನೆಯ ಕವಾಟ ಪರೀಕ್ಷೆ ಪಾಸಾಗಿ ಬಂದಿರುತ್ತದೆ, ಗ್ಯಾರೇಜಿನದು ಹಾಗಲ್ಲ. ‘ಊರೊಳಗೆ ಮುಚ್ಚೇ ಇಡ್ತೀನ್ರೀ’ ಎಂಬ ಸಮಜಾಯಿಷಿ ಕಾಯ್ದೆಗೆ ಬೇಕಿಲ್ಲ. ನನಗಂತೂ ಇದು ಸರಿಯೆನಿಸುತ್ತದೆ. ತೆರೆಯುವ ಗುಂಡಿಯಿದ್ದ ಮೇಲೆ ಬೆರಳು ಸುಮ್ಮನಿರುವುದು ಕಷ್ಟ.

★ ಮಿತಿ ಎಷ್ಟು? 80 ಸಿಸಿವರೆಗಿನ ದ್ವಿಚಕ್ರಿಗೆ 75 ಡೆಸಿಬೆಲ್, 175ರವರೆಗೆ 77, ಅದಕ್ಕೂ ಮೇಲಿನದಕ್ಕೆ 80. ಕಾರಿಗೆ 74. ಹೌದು, ಕಾರಿಗೇ ಕಡಿಮೆ! ಇದು ಹೊಸ ಮಾದರಿಗೆ ಪರೀಕ್ಷಾ ಮೈದಾನದಲ್ಲಿ ಓಡಿಸಿ ಅಳೆಯುವ ಲೆಕ್ಕ. ಮೊಬೈಲ್ ಆ್ಯಪ್ ಹಿಡಿದು ವಾದಕ್ಕಿಳಿಯಬೇಡಿ.

★ ಪಂಜಾಬಿ, ಇಂದೋರಿ, ಗೋಲ್ಡ್‌ಸ್ಟಾರ್ ಎಂದೆಲ್ಲ ಬುಲೆಟ್ ಸೈಲೆನ್ಸರ್‌ಗೆ ಹೆಸರುಗಳಿವೆ. ಕೆಲವದರ ಬಾಯಿಗೆ ‘ಡಿಬಿ ಕಿಲ್ಲರ್’ ಎಂಬ ಸದ್ದಡಗಿಸುವ ತುಣುಕು ಬರುತ್ತದೆ. ಒಂದು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ, ಮತ್ತೆ ಹಾಕಲು ಯಾರಿಗೂ ನೆನಪಿರುವುದಿಲ್ಲ.

★ ಓಡುವಾಗಲೇ ಕಿಲ್ ಸ್ವಿಚ್ ಒತ್ತಿ ಬಿಟ್ಟು ಪಟಾಕಿ ಹೊಡೆಸುವುದು ಉರಿಯದ ಪೆಟ್ರೋಲನ್ನು ಬಿಸಿ ಕೊಳವೆಯಲ್ಲಿ ಸುಡುವ ಕೆಲಸ. ಮೊದಲು ಹಾಳಾಗುವುದು ಹೊಗೆಯ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ಗುಜರಾತ್, ಮಹಾರಾಷ್ಟ್ರಗಳಲ್ಲಿ ಮಾರುತಿ ಈಕೋ ಗಾಡಿಗಳ ಸೈಲೆನ್ಸರ್ ಮಾತ್ರ ಕದ್ದೊಯ್ಯುವ ಗ್ಯಾಂಗುಗಳು ಹುಟ್ಟಿದ್ದು ಈ ದುಬಾರಿ ಲೋಹಗಳ ಆಸೆಗೆ.

★ ಟೂ-ಸ್ಟ್ರೋಕ್ ಗಾಡಿಯಲ್ಲಿ ಸೈಲೆನ್ಸರ್ ಅಂದರೆ ಎಂಜಿನ್ನಿನದೇ ಒಂದು ಭಾಗ. ಹೊಟ್ಟೆ ಉಬ್ಬಿದ ಕೊಳವೆಯಿಂದ ಮರಳಿ ಬರುವ ಅಲೆ, ಹೊರಗೆ ಜಾರುತ್ತಿರುವ ಪೆಟ್ರೋಲನ್ನು ಸಿಲಿಂಡರಿಗೆ ವಾಪಸು ನೂಕುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್ ಈ ವಿದ್ಯೆಯನ್ನು ಪಳಗಿಸಿದರು. ಅವರ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಪಶ್ಚಿಮಕ್ಕೆ ಪರಾರಿಯಾಗಿ ಗುಟ್ಟನ್ನು ಸುಝುಕಿಗೆ ಒಯ್ದರು. ಮರುವರ್ಷವೇ ಸುಝುಕಿಗೆ 50 ಸಿಸಿ ವಿಶ್ವ ಪ್ರಶಸ್ತಿ. ನಮ್ಮ ಹುಡುಗರು ಇಂದಿಗೂ ಪ್ರಾಣ ಬಿಡುವ ಆರ್‌ಎಕ್ಸ್ 100 ಕೂಡ ಟೂ-ಸ್ಟ್ರೋಕ್ ವಂಶದ್ದೇ. ಸದ್ದಿಗಾಗಿ ಅದರ ಒಳಕೊಳವೆ ಕಿತ್ತರೆ ಕಂಪನಿ ಹೊಂದಿಸಿಟ್ಟ ಲೆಕ್ಕ ತಪ್ಪುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಂತೂ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್!

★ ಸೈಲೆನ್ಸರ್ ಕಡ್ಡಾಯ ಮಾಡುವ ಕೇಂದ್ರ ಮೋಟಾರು ವಾಹನ ನಿಯಮ 120 ಕೃಷಿ ಟ್ರ್ಯಾಕ್ಟರನ್ನೂ ಹೆಸರಿಸಿ ಸೇರಿಸಿಕೊಂಡಿದೆ. ಕಬ್ಬಿನ ಎರಡು ಟ್ರೇಲರ್ ಎಳೆಯುವವರೂ ಇದಕ್ಕೆ ಹೊರತಲ್ಲ. ಮೇಲೆ ಕೂರಿಸಿದ ಡಿಜೆಯ ಮಾತು ಬೇರೆ.

★ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. 2000ದ ಶಬ್ದ ನಿಯಮಗಳ ಪ್ರಕಾರ ಅಲ್ಲಿ ರಾತ್ರಿಯ ಮಿತಿ 40 ಡೆಸಿಬೆಲ್. ನೆಲದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿರುವ ರಾತ್ರಿಗಳಲ್ಲಿ ಸದ್ದು ಬಾಗಿ ನೆಲಕ್ಕೇ ಮರಳುತ್ತದೆ. ಹಗಲು ಕೇಳದ ಬೈಕು ನಡುರಾತ್ರಿ ದೂರದ ಓಣಿಗೂ ಕೇಳುವುದು ಹೀಗೆ.

★ 2011ರ ಬಿಎಂಡಬ್ಲ್ಯು ಎಂ5 ತನ್ನ ಎಂಜಿನ್ನಿನ ಸದ್ದನ್ನು ಸ್ಪೀಕರ್ ಮೂಲಕ ಒಳಗೆ ಕುಳಿತವರಿಗಷ್ಟೇ ಕೇಳಿಸಿತ್ತು. ಸೈಲೆನ್ಸರೇ ಇಲ್ಲದ, ಬ್ಯಾಟರಿಯಿಂದ ಓಡುವ ಹ್ಯುಂಡೈ ಐಯಾನಿಕ್ 5 ಎನ್ ಈಗ ಪೆಟ್ರೋಲ್ ಕಾರಿನ ಗುಡುಗನ್ನೂ ಪಟಾಕಿಯನ್ನೂ ಅನುಕರಿಸುತ್ತದೆ. ಬೇಡವೆಂದರೆ ಆಫ್ ಮಾಡಬಹುದು.